ಕೆರೆಗೆ ಬರುವ ವಲಸೆ ಬಾತುಗಳ ಲೆಕ್ಕ: ಯಾವ ವಿಧಾನ ಯಾರಿಗೆ?

ನವೆಂಬರ್ ಬಂತೆಂದರೆ ಬೆಂಗಳೂರಿನ ಕೆರೆ ಗುಂಪುಗಳ ವಾಟ್ಸ್‌ಆ್ಯಪ್‌ನಲ್ಲಿ ಬಾತುಗಳ ಫೋಟೊ ಶುರುವಾಗುತ್ತದೆ. ‘ನಮ್ಮ ಅತಿಥಿಗಳು ಬಂದರು’ ಎಂದು ಒಬ್ಬರು ಹಾಕುತ್ತಾರೆ. ‘ಹೋದ ವರ್ಷಕ್ಕಿಂತ ಜಾಸ್ತಿನಾ, ಕಮ್ಮಿನಾ?’ ಎಂದು ಇನ್ನೊಬ್ಬರು ಕೇಳುತ್ತಾರೆ. ಅಲ್ಲಿಗೆ ಗುಂಪು ತಣ್ಣಗಾಗುತ್ತದೆ. ಫೋಟೊ ಸಾವಿರ ಇರುತ್ತವೆ, ಲೆಕ್ಕ ಮಾತ್ರ ಇರುವುದಿಲ್ಲ.

ಆ ಪ್ರಶ್ನೆಗೆ ಹತ್ತು ವರ್ಷದ ನಂತರವಾದರೂ ಉತ್ತರ ಹೇಳಬೇಕು ಎನ್ನುವವರಿಗಾಗಿ ಈ ಹೋಲಿಕೆ. ಜನವರಿಯ ವಾರ್ಷಿಕ ಗಣತಿ, ತಿಂಗಳಿಗೊಮ್ಮೆಯ ಎಣಿಕೆ, ಕಂಡ ಹಕ್ಕಿಗಳ ಪಟ್ಟಿ ಹಾಕುವ ಇ-ಬರ್ಡ್ ಆ್ಯಪ್, ಡ್ರೋನ್, ಹಕ್ಕಿಗೆ ತೊಡಿಸುವ ಕಾಲುಂಗುರ ಮತ್ತು ಜಾಡು ಹಿಡಿಯುವ ಟ್ಯಾಗ್ – ಮಾತಿಗೆ ಬರುವ ಆಯ್ಕೆಗಳು ಇಷ್ಟು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಒಂದು ಬಡಾವಣೆಯ ಕೆರೆ ಗುಂಪಿಗೆ ತಿಂಗಳಿಗೊಮ್ಮೆ, ಗೊತ್ತುಮಾಡಿದ ಜಾಗಗಳಲ್ಲಿ ನಿಂತು ಎಣಿಸುವುದೇ ಸರಿ. ಉಳಿದವು ಅದಕ್ಕೆ ಜೊತೆಯಾಗಬಹುದು, ಬದಲಿಯಾಗಲಾರವು.

ಯಾಕೆ ಎಂದರೆ, ವಿಧಾನ ಆರಿಸುವಾಗ ನಾನು ನೋಡುವುದು ನಿಖರತೆಯನ್ನಲ್ಲ. ಈಗ ಎಣಿಸುತ್ತಿರುವವರು ಬಿಟ್ಟುಹೋದರೆ ಇನ್ನೊಬ್ಬರು ಅದನ್ನು ಹಾಗೆಯೇ ಮುಂದುವರಿಸಬಹುದೇ ಎಂಬುದನ್ನು. ಇದು ಬೆಂಗಳೂರು. ಕೆಲಸ ಬದಲಾಗುತ್ತದೆ, ಬಾಡಿಗೆ ಮನೆ ಬದಲಾಗುತ್ತದೆ, ಹೆಬ್ಬಾಳದಲ್ಲಿದ್ದವರು ಸರ್ಜಾಪುರಕ್ಕೆ ಹೋಗುತ್ತಾರೆ. ಒಬ್ಬರ ಕಣ್ಣು, ಒಬ್ಬರ ಕ್ಯಾಮೆರಾ, ಒಬ್ಬರ ಉತ್ಸಾಹದ ಮೇಲೆ ನಿಂತ ಲೆಕ್ಕ ಅವರ ಜೊತೆಗೇ ಹೋಗುತ್ತದೆ.

ಮೊದಲು: ಯಾವ ಹಕ್ಕಿಯ ಲೆಕ್ಕ?

ನೀರಿನಲ್ಲಿ ತೇಲುವುದೆಲ್ಲ ವಲಸೆ ಹಕ್ಕಿಯಲ್ಲ. ಹೆಜ್ಜಾರ್ಲೆ (ಪೆಲಿಕನ್) ಕಂಡ ಕೂಡಲೇ ‘ಸೈಬೀರಿಯಾದಿಂದ ಬಂದಿದೆ’ ಎನ್ನುವವರು ಪ್ರತಿ ಕೆರೆಯ ಏರಿಯ ಮೇಲೂ ಒಬ್ಬರಾದರೂ ಸಿಗುತ್ತಾರೆ. ಅದು ಬರುವುದು ಇಲ್ಲೇ ಹತ್ತಿರದಿಂದ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರ ಮರಗಳ ಮೇಲೆಯೇ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಗುಳುಮುಳುಕ, ಚುಕ್ಕೆ ಕೊಕ್ಕಿನ ಬಾತು, ನೀರುಕಾಗೆ ಇವೂ ಇಲ್ಲಿಯವೇ. ನಾಮದ ಕೋಳಿಯದು ಸ್ವಲ್ಪ ತೊಡಕು: ಇಲ್ಲಿಯವೂ ಇರುತ್ತವೆ, ಚಳಿಗಾಲಕ್ಕೆ ಉತ್ತರದಿಂದ ಬಂದವೂ ಅವುಗಳ ಜೊತೆ ಸೇರಿಕೊಳ್ಳುತ್ತವೆ, ನೋಡಿದರೆ ಬೇರ್ಪಡಿಸಲು ಆಗುವುದಿಲ್ಲ.

ನಿಜವಾದ ದೂರದ ಪಯಣಿಗರು ಗಾರ್ಗೆನಿ, ಶೋವೆಲರ್, ಪಿನ್‌ಟೇಲ್ ಮುಂತಾದ ಬಾತುಗಳು. ಬಿಳಿ ಹುಬ್ಬಿನದು ಗಾರ್ಗೆನಿ. ಸಲಿಕೆಯಂತೆ ಅಗಲ ಕೊಕ್ಕಿನದು ಶೋವೆಲರ್. ಸೂಜಿಯಂಥ ಬಾಲದ್ದು ಪಿನ್‌ಟೇಲ್. ಇವು ಬರುವ ದಾರಿಗೆ ಮಧ್ಯ ಏಷ್ಯಾ ಹಾರುದಾರಿ ಎನ್ನುತ್ತಾರೆ. ಸೈಬೀರಿಯಾದಿಂದ ಹಿಂದೂ ಮಹಾಸಾಗರದವರೆಗೆ ಸುಮಾರು 30 ದೇಶಗಳ ಮೇಲೆ ಅದು ಹಾಯುತ್ತದೆ. ಹಾಗಾಗಿ ನಿಮ್ಮ ಕೆರೆಯಲ್ಲಿ ಬಾತು ಕಡಿಮೆಯಾದರೆ ತಪ್ಪು ನಿಮ್ಮ ಕೆರೆಯದೇ ಆಗಿರಬೇಕಿಲ್ಲ.

ಇನ್ನೊಂದು ಮಾತು. ಸಂಖ್ಯೆ ಜಾಸ್ತಿಯಾದರೆ ಕೆರೆ ಆರೋಗ್ಯವಾಗಿದೆ ಎಂದೂ ಅಲ್ಲ. ಶೋವೆಲರ್ ತನ್ನ ಕೊಕ್ಕಿನಿಂದ ನೀರನ್ನು ಸೋಸಿ ಸಣ್ಣ ಜೀವಿಗಳನ್ನು ತಿನ್ನುವ ಹಕ್ಕಿ. ಕೊಳಚೆ ಸೇರಿ ಪೋಷಕಾಂಶ ಹೆಚ್ಚಾದ ನೀರಿನಲ್ಲಿ ಅದಕ್ಕೆ ಊಟ ಭರ್ಜರಿ. ಅದೇ ರೀತಿ ಕೆರೆಯ ಹೂಳೆತ್ತಿ, ಸುತ್ತ ನಡೆಯುವ ದಾರಿ ಮಾಡಿ, ಬಟ್ಟಲಿನ ಹಾಗೆ ಆಳ ಮಾಡಿದರೆ ಮೀನು ಹಿಡಿಯುವ ನೀರುಕಾಗೆಗೆ ಅನುಕೂಲ. ತಲೆ ಮುಳುಗಿಸಿ ತಳದಲ್ಲಿ ಮೇಯುವ ಬಾತುಗಳಿಗೆ ಬೇಕಾದದ್ದು ಆಳವಿಲ್ಲದ ಅಂಚು. ಅದು ಹೋದರೆ ಅವೂ ಹೋಗುತ್ತವೆ. ‘ಒಟ್ಟು 800 ಹಕ್ಕಿ’ ಎಂಬ ಒಂದೇ ಅಂಕಿಯಲ್ಲಿ ಈ ಬದಲಾವಣೆ ಕಾಣುವುದೇ ಇಲ್ಲ. ಯಾವ ವಿಧಾನವಾದರೂ ಸರಿ, ಜಾತಿವಾರು ಬರೆಯಬೇಕು.

ಜನವರಿಯ ಗಣತಿ

ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್ 1987ರಲ್ಲಿ ಭಾರತ ಉಪಖಂಡದಲ್ಲಿ ಶುರುವಾಯಿತು. ವೆಟ್‌ಲ್ಯಾಂಡ್ಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಇದನ್ನು ನಡೆಸುತ್ತದೆ. ಜನವರಿಯಲ್ಲಿ ಸುಮಾರು ಎರಡು ವಾರ, ಏಷ್ಯಾದ ಹಲವು ದೇಶಗಳಲ್ಲಿ ಸ್ವಯಂಸೇವಕರು ಕೆರೆ, ಅಳಿವೆ, ಜೌಗುಗಳಿಗೆ ಹೋಗಿ ಎಣಿಸುತ್ತಾರೆ. ಜನವರಿಯೇ ಯಾಕೆ? ಬರುವವು ಬಂದಾಗಿರುತ್ತವೆ, ಹೋಗುವವು ಇನ್ನೂ ಹೊರಟಿರುವುದಿಲ್ಲ. ಹಕ್ಕಿಗಳ ಓಡಾಟ ಅತಿ ಕಡಿಮೆ ಇರುವ ಹೊತ್ತು ಅದು.

ಇದರ ಬಲ ಇರುವುದು ಹರವಿನಲ್ಲಿ. ನಿಮ್ಮ ಕೆರೆಯ ಅಂಕಿ ಹೊಸಕೋಟೆ, ಮೈಸೂರು, ಗದಗದ ಅಂಕಿಗಳ ಪಕ್ಕದಲ್ಲಿ ಕೂರುತ್ತದೆ. ಒಂದು ಜೌಗು ಪ್ರದೇಶಕ್ಕೆ ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮಾನ್ಯತೆ ಕೊಡುವಾಗ ನೋಡುವ ಮಾನದಂಡಗಳಲ್ಲಿ ಎರಡು ನೇರವಾಗಿ ನೀರಹಕ್ಕಿಗಳ ಸಂಖ್ಯೆಗೆ ಸೇರಿದವು: ಅಲ್ಲಿ 20,000 ನೀರಹಕ್ಕಿಗಳು ನಿಯಮಿತವಾಗಿ ಇರುತ್ತವೆಯೇ, ಅಥವಾ ಒಂದು ಜಾತಿಯ ಒಟ್ಟು ಸಂಖ್ಯೆಯ ಶೇ 1ರಷ್ಟಾದರೂ ಅಲ್ಲಿಗೆ ಬರುತ್ತವೆಯೇ. ಪಟ್ಟೆತಲೆ ಹೆಬ್ಬಾತುಗಳಿಗೆ ಹೆಸರಾದ ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ಆ ಪಟ್ಟಿಗೆ ಸೇರಿತು. ಇಂಥ ಮಾನದಂಡಗಳಿಗೆ ಆಧಾರ ಒದಗುವುದು ಯಾರೋ ವರ್ಷಗಟ್ಟಲೆ ಚಳಿಯಲ್ಲಿ ನಿಂತು ಎಣಿಸಿದಾಗ.

ಆದರೆ ಒಂದೇ ಕೆರೆಯ ಮಟ್ಟಿಗೆ ನೋಡಿದರೆ ಇದು ವರ್ಷಕ್ಕೆ ಒಂದು ಬೆಳಗ್ಗೆ. ಆ ದಿನ ಮಂಜು ಇತ್ತು. ಅಥವಾ ಮೀನಿನವರ ತೆಪ್ಪ ನಡುನೀರಿಗೆ ಇಳಿದಿತ್ತು. ಅಥವಾ ಜೌಗು ಸೆಳೆವ ಎಂಬ ಬೇಟೆಹಕ್ಕಿ ಒಂದು ಸುತ್ತು ಹೊಡೆದು ಇಡೀ ಹಿಂಡನ್ನು ಎಬ್ಬಿಸಿ ಪಕ್ಕದ ಕೆರೆಗೆ ಕಳಿಸಿತ್ತು. ಮುಗಿಯಿತು, ಆ ವರ್ಷದ ನಿಮ್ಮ ಅಂಕಿ ಅಷ್ಟೇ.

ನೀರಿನ ಮಟ್ಟದ ಆಟ ಇನ್ನೂ ದೊಡ್ಡದು. 2022ರ ಮಳೆಗೆ ನಗರದ ಕೆರೆಗಳು ತುಂಬಿ ಕೋಡಿ ಬಿದ್ದವು. 2023ರಲ್ಲಿ ಮಳೆ ಕೈಕೊಟ್ಟಿತು, 2024ರ ಬೇಸಿಗೆಯ ನೀರಿನ ಪರದಾಟ ಎಲ್ಲರಿಗೂ ನೆನಪಿದೆ. 2023ರ ಜನವರಿಯ ಅಂಕಿಯನ್ನೂ 2024ರ ಜನವರಿಯ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ‘ಬಾತು ಏರಿತು’, ‘ಬಾತು ಇಳಿಯಿತು’ ಎಂದರೆ ನೀವು ಹೇಳುತ್ತಿರುವುದು ಬಾತಿನ ಕಥೆಯಲ್ಲ, ಮಳೆಯ ಕಥೆ. ಬಾತು ಒಂದೇ ಕೆರೆಗೆ ಅಂಟಿಕೊಂಡಿರುವುದಿಲ್ಲ. ಇಲ್ಲಿ ನೀರು ಆಳವಾದರೆ ಅಂಚು ತೆಳುವಾಗಿರುವ ಇನ್ನೊಂದು ಕೆರೆ ಹುಡುಕಿಕೊಳ್ಳುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳಲ್ಲಿ ಹೂಳೆತ್ತಲು ನೀರು ಬಸಿದ ವರ್ಷಗಳನ್ನಂತೂ ಬೇರೆ ವರ್ಷಗಳ ಜೊತೆ ಹಾಗೇ ಹೋಲಿಸಲಾಗದು.

ಜನವರಿ ಗಣತಿಯಲ್ಲಿ ಖಂಡಿತ ಪಾಲ್ಗೊಳ್ಳಿ. ಅದೊಂದನ್ನೇ ನೆಚ್ಚಿಕೊಂಡು ‘ನಮ್ಮ ಕೆರೆಗೆ ಏನಾಗುತ್ತಿದೆ’ ಎಂದು ಹೇಳಲು ಹೊರಟರೆ ಮಾತ್ರ ಬಹಳ ವರ್ಷ ಕಾಯಬೇಕು.

ತಿಂಗಳಿಗೊಮ್ಮೆ, ಅದೇ ಜಾಗಗಳಿಂದ

ನನ್ನ ಮತ ಇದಕ್ಕೇ, ಆದ್ದರಿಂದ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ತಿಂಗಳಿಗೊಂದು ದಿನ ಗೊತ್ತುಮಾಡುತ್ತೀರಿ. ತಾರೀಖು ಬೇಡ, ‘ಮೂರನೇ ಭಾನುವಾರ’ ಎನ್ನುವ ಹಾಗಿರಲಿ. ಲಾಲ್‌ಬಾಗ್‌ನಲ್ಲಿ ತಿಂಗಳ ಎರಡನೇ ಭಾನುವಾರ ಹಕ್ಕಿ ನೋಡುವವರು ಸೇರುವ ಪದ್ಧತಿ 1970ರ ದಶಕದಿಂದ ಬಂದದ್ದು. ಬಂದವರು ಬದಲಾದರು, ಭಾನುವಾರ ಬದಲಾಗಲಿಲ್ಲ. ಯಾರನ್ನೂ ಫೋನ್ ಮಾಡಿ ಕೇಳಬೇಕಿಲ್ಲದ ದಿನವೇ ಉಳಿಯುವ ದಿನ. ವರ್ಷಪೂರ್ತಿ ಆಗದಿದ್ದರೆ ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ಮಾಡಿ. ಅಕ್ಟೋಬರ್‌ಗೆ ಶುರು ಮಾಡಿ ಫೆಬ್ರುವರಿಗೆ ನಿಲ್ಲಿಸಿದರೆ ಗಾರ್ಗೆನಿ ಕೈತಪ್ಪುತ್ತದೆ. ಅದು ಮೊದಲು ಬಂದು ಕೊನೆಗೆ ಹೋಗುವ ಬಾತುಗಳಲ್ಲೊಂದು. ಬಂದದ್ದು ಯಾವಾಗ, ಹೋದದ್ದು ಯಾವಾಗ ಎನ್ನುವುದೇ ಹತ್ತು ವರ್ಷದಲ್ಲಿ ನಿಮಗೆ ಸಿಗುವ ಅತಿ ಬೆಲೆಯ ಮಾಹಿತಿ ಆಗಬಹುದು. ಜನವರಿ ಗಣತಿ ಅದನ್ನು ಎಂದೂ ಕೊಡಲಾರದು.

ನಿಲ್ಲುವ ಜಾಗಗಳು ಮೂರೋ ನಾಲ್ಕೋ ಸಾಕು, ಇಡೀ ನೀರು ಕಾಣಬೇಕು ಅಷ್ಟೇ. ‘ಮೂರನೇ ಕಲ್ಲುಬೆಂಚಿನ ಹತ್ತಿರ’ ಎಂದು ಬರೆದಿಡಬೇಡಿ. ಮುಂದಿನ ಟೆಂಡರ್‌ನಲ್ಲಿ ಬೆಂಚು ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ. ತೂಬು, ಕೋಡಿ, ಏರಿಯ ತಿರುವು, ಗುಡಿ ಇಂಥವನ್ನು ಗುರುತಾಗಿಟ್ಟುಕೊಳ್ಳಿ. ಜೊತೆಗೆ ಮೊಬೈಲಿನಲ್ಲಿ ಸಿಗುವ ಅಕ್ಷಾಂಶ ರೇಖಾಂಶವನ್ನೂ ಬರೆದಿಡಿ. ಬೆಳಗ್ಗೆ ಎಣಿಸುವುದಾದರೆ ಸೂರ್ಯ ಬೆನ್ನಿಗಿರಬೇಕು, ಅಂದರೆ ಪೂರ್ವದ ದಡದಲ್ಲಿ ನಿಂತು ಪಶ್ಚಿಮಕ್ಕೆ ನೋಡಬೇಕು. ಎದುರು ಬಿಸಿಲಿನಲ್ಲಿ ಎಲ್ಲ ಬಾತುಗಳೂ ಕಪ್ಪು ಚುಕ್ಕೆಗಳೇ. ಡಿಸೆಂಬರ್, ಜನವರಿಯಲ್ಲಿ ಮಂಜು ಕರಗುವವರೆಗೆ ಸುಮ್ನೆ ಕಾಯಿರಿ. ಕಂಡಷ್ಟು ಬರೆದು ಮುಗಿಸುವುದಕ್ಕಿಂತ ಒಂದು ಟೀ ಕುಡಿದು ಬರುವುದು ಮೇಲು.

ಹಿಂಡು ದೊಡ್ಡದಿದ್ದರೆ ಒಂದೊಂದಾಗಿ ಎಣಿಸಲು ಆಗುವುದಿಲ್ಲ. ಮೊದಲು ಹತ್ತು ಬಾತುಗಳನ್ನು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆ ನೋಡಿಕೊಳ್ಳಿ. ಆಮೇಲೆ ಅದೇ ಅಳತೆಯಲ್ಲಿ ಹಿಂಡಿನ ಮೇಲೆ ಕಣ್ಣು ಸರಿಸುತ್ತಾ ಹತ್ತು, ಇಪ್ಪತ್ತು, ಮೂವತ್ತು ಎಂದು ಹೋಗಿ. ಇನ್ನೂ ದೊಡ್ಡದಾದರೆ ಐವತ್ತರ ಅಳತೆ. ಒಬ್ಬರು ನೋಡಿ ಹೇಳಬೇಕು, ಇನ್ನೊಬ್ಬರು ಬರೆಯಬೇಕು. ಕಣ್ಣು ತೆಗೆದು ಬರೆದು ಮತ್ತೆ ನೋಡಿದರೆ ಎಲ್ಲಿದ್ದೆವು ಎಂಬುದೇ ಮರೆತಿರುತ್ತದೆ. ಅಕ್ಟೋಬರ್‌ನಲ್ಲಿ ಗಂಡು ಬಾತುಗಳೂ ಹೆಣ್ಣಿನ ಹಾಗೇ ಕಂದು ಬಣ್ಣದಲ್ಲಿರುತ್ತವೆ. ಗುರುತು ಸಿಗದವನ್ನು ‘ಗುರುತಾಗದ ಬಾತು – 40’ ಎಂದು ಬರೆಯಿರಿ. ಊಹಿಸಿ ಹಂಚಬೇಡಿ.

ಸೊನ್ನೆಯನ್ನೂ ಬರೆಯಬೇಕು. ಇದನ್ನು ಎಷ್ಟು ಹೇಳಿದರೂ ಕಡಿಮೆ. ‘ಪಿನ್‌ಟೇಲ್: 0’ ಎಂದರೆ ನೋಡಿದೆವು, ಇರಲಿಲ್ಲ. ಖಾಲಿ ಬಿಟ್ಟರೆ ಹತ್ತು ವರ್ಷದ ನಂತರ ಓದುವವರಿಗೆ ಪಿನ್‌ಟೇಲ್ ಇರಲಿಲ್ಲವೋ, ಎಣಿಸಿದವರಿಗೆ ಪಿನ್‌ಟೇಲ್ ಗೊತ್ತಿರಲಿಲ್ಲವೋ ತಿಳಿಯುವುದಿಲ್ಲ. ಬಾತೇ ಇಲ್ಲದ ತಿಂಗಳು ಹೋಗಿ ಬರುವುದು ಬೇಜಾರಿನ ಕೆಲಸ, ನಿಜ. ಆದರೆ ಇಡೀ ಲೆಕ್ಕಕ್ಕೆ ಅರ್ಥ ಬರುವುದು ಆ ತಿಂಗಳುಗಳಿಂದ.

ಪ್ರತಿ ಸಲ ನೀರಿನ ಮಟ್ಟ ಬರೆಯಿರಿ. ತೂಬಿನ ಎಷ್ಟು ಮೆಟ್ಟಿಲು ಕಾಣುತ್ತಿದೆ, ಕೋಡಿ ಹರಿಯುತ್ತಿದೆಯಾ – ಇಷ್ಟು ಸಾಕು. ಜೊಂಡು, ಕತ್ತೆಕಿವಿ ಗಿಡ ಕೆರೆಯ ಕಾಲು ಭಾಗ ಮುಚ್ಚಿದೆಯೋ, ಅರ್ಧ ಮುಚ್ಚಿದೆಯೋ ಅದೂ ಇರಲಿ. ನೀರಿನ ಮಟ್ಟ ಇಲ್ಲದ ಬಾತಿನ ಲೆಕ್ಕ ಅರ್ಧ ಲೆಕ್ಕ.

ನೀರು ಒಂದರಿಂದ ಇನ್ನೊಂದಕ್ಕೆ ಹರಿಯುವ, ಹತ್ತಿರಹತ್ತಿರದ ಕೆರೆಗಳಿದ್ದರೆ ಎರಡನ್ನೂ ಒಂದೇ ಬೆಳಗ್ಗೆ, ಒಂದೇ ಹೊತ್ತಿಗೆ ಎಣಿಸಿ. ಜಕ್ಕೂರು ಮತ್ತು ರಾಚೇನಹಳ್ಳಿ ಇದಕ್ಕೆ ಒಳ್ಳೆಯ ಜೋಡಿ. ಜಕ್ಕೂರಿನಲ್ಲಿ ಸಂಸ್ಕರಿಸಿದ ನೀರು ಜೌಗಿನ ಗಿಡಗಳ ನಡುವೆ ಹಾದು ಕೆರೆಗೆ ಬರುತ್ತದೆ, ಅಲ್ಲಿಂದ ಕೆಳಗೆ ರಾಚೇನಹಳ್ಳಿಗೆ ಹೋಗುತ್ತದೆ. ಹಕ್ಕಿಗಳಿಗೆ ಅವೆರಡೂ ಒಂದೇ ಮನೆಯ ಎರಡು ಕೋಣೆ. ಒಂದರಲ್ಲಿ ಮಾತ್ರ ಎಣಿಸಿದರೆ ‘ಬಾತು ಕಡಿಮೆಯಾಯಿತು’ ಎಂದು ಗಾಬರಿ, ಎರಡನ್ನೂ ಬೇರೆಬೇರೆ ದಿನ ಎಣಿಸಿದರೆ ಅವೇ ಹಕ್ಕಿಗಳು ಎರಡು ಸಲ ಲೆಕ್ಕಕ್ಕೆ ಬರುವ ಅಪಾಯ.

ಇನ್ನು ಜನ ಬದಲಾಗುವ ವಿಷಯ. ಹೊಸಬರು ಬಂದಾಗ ಹಳಬರು ಸುಮ್ಮನೆ ಪಟ್ಟಿ ಕೊಟ್ಟು ಹೋಗಬಾರದು. ಕೆಲವು ತಿಂಗಳು ಇಬ್ಬರೂ ಪಕ್ಕಪಕ್ಕ ನಿಂತು, ಮಾತಾಡದೆ, ಬೇರೆಬೇರೆ ಎಣಿಸಿ ಕೊನೆಗೆ ಹೋಲಿಸಬೇಕು. ಹಳಬರು 200 ಎಂದ ಹಿಂಡನ್ನು ಹೊಸಬರು ಪ್ರತಿಸಲ 150 ಎನ್ನುತ್ತಿದ್ದರೆ ಅದನ್ನೂ ಬರೆದಿಡಬೇಕು. ಇಲ್ಲದಿದ್ದರೆ ಮುಂದೊಂದು ದಿನ ಯಾರೋ ಆ ಗ್ರಾಫ್ ನೋಡಿ ‘ಆ ವರ್ಷ ಬಾತುಗಳು ಕಾಲು ಭಾಗ ಇಳಿದವು’ ಎಂದು ಬರೆಯುತ್ತಾರೆ. ಇಳಿದದ್ದು ಬಾತಲ್ಲ, ಎಣಿಸುವವರು ಬದಲಾದರು ಅಷ್ಟೇ.

ಕೊರತೆಗಳೂ ಇವೆ. ಶಿಸ್ತು ಬೇಕು. ಒಂದು ಕೆರೆಯ ಲೆಕ್ಕದಿಂದ ಇಡೀ ನಗರದ ಮಾತು ಹೇಳಲಾಗದು. ಎರಡು ವರ್ಷ ಕಳೆದ ಮೇಲೆ ಉತ್ಸಾಹ ಇಳಿಯುತ್ತದೆ. ಹೊಸ ಹಕ್ಕಿ ಸಿಗುವುದಿಲ್ಲ, ಫೋಟೊಗೆ ಲೈಕ್ ಬರುವುದಿಲ್ಲ. ಆ ಹೊತ್ತಿನಲ್ಲಿ ಕೈಬಿಡದ ಇಬ್ಬರು ಇದ್ದರೆ ಸಾಕು.

ಇ-ಬರ್ಡ್: ವಿಧಾನವೋ, ಪೆಟ್ಟಿಗೆಯೋ?

ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ 2002ರಲ್ಲಿ ಶುರು ಮಾಡಿದ ಇ-ಬರ್ಡ್ ಈಗ ಹಕ್ಕಿ ನೋಡುವವರ ಮೊಬೈಲಿನಲ್ಲಿ ಇದ್ದೇ ಇರುತ್ತದೆ. ಉಚಿತ. ಮಾಹಿತಿ ಕಳೆದುಹೋಗುವುದಿಲ್ಲ, ಯಾರು ಬೇಕಾದರೂ ಕೇಳಿ ಪಡೆಯಬಹುದು. ದೇಶದ 942 ಜಾತಿಯ ಹಕ್ಕಿಗಳ ಸ್ಥಿತಿಗತಿ ಹೇಳಿದ 2023ರ ವರದಿ ನಿಂತಿರುವುದು ಇಂಥ ಲಕ್ಷಾಂತರ ಪಟ್ಟಿಗಳ ಮೇಲೆಯೇ.

ಆದರೆ ‘ನಾವೆಲ್ಲ ಇ-ಬರ್ಡ್‌ಗೆ ಹಾಕ್ತೀವಲ್ಲ, ಬೇರೆ ಎಣಿಕೆ ಯಾಕೆ?’ ಎನ್ನುವವರಿಗೆ ನನ್ನ ತಕರಾರಿದೆ. ಜನ ಹೋಗುವುದು ಅಪರೂಪದ ಹಕ್ಕಿ ಬಂದಾಗ. ಕೆರೆಯಲ್ಲಿ ಏನೂ ಇಲ್ಲದಾಗ ಯಾರೂ ಹೋಗುವುದಿಲ್ಲ. ಹಿಂಡು ಕಂಡರೆ ಎಣಿಸಲು ಬೇಸರವಾಗಿ ‘ಎಕ್ಸ್’ ಒತ್ತಿಬಿಡುತ್ತಾರೆ. ಇತ್ತು ಎಂದು ಗೊತ್ತಾಗುತ್ತದೆ, ಎಷ್ಟಿತ್ತು ಎಂದು ಎಂದೂ ಗೊತ್ತಾಗುವುದಿಲ್ಲ. ಒಬ್ಬರು ಕೆರೆಯ ಸುತ್ತ ನಡೆದು ಪಟ್ಟಿ ಮಾಡುತ್ತಾರೆ, ಇನ್ನೊಬ್ಬರು ಗೇಟಿನ ಬಳಿಯೇ ಹತ್ತು ನಿಮಿಷ ನಿಂತು ಮುಗಿಸುತ್ತಾರೆ. ದೇಶದ ಮಟ್ಟದಲ್ಲಿ ಈ ಏರುಪೇರನ್ನು ಲೆಕ್ಕಶಾಸ್ತ್ರದಿಂದ ಸರಿದೂಗಿಸಬಹುದು. ಒಂದು ಕೆರೆಯ ಮಟ್ಟದಲ್ಲಿ ಅದು ಕಷ್ಟ.

ಆದ್ದರಿಂದ ಇ-ಬರ್ಡನ್ನು ಪೆಟ್ಟಿಗೆಯಾಗಿ ಬಳಸಿ. ತಿಂಗಳ ಎಣಿಕೆಯನ್ನೇ ಪ್ರತಿ ಜಾಗಕ್ಕೂ ಒಂದೊಂದು ಪಟ್ಟಿಯಾಗಿ, ನಿಂತಲ್ಲೇ ಮಾಡಿದ ಪೂರ್ತಿ ಪಟ್ಟಿ ಎಂದು ಗುರುತಿಸಿ, ಎಲ್ಲ ಜಾತಿಗೂ ಅಂಕಿ ಕೊಟ್ಟು ಹಾಕಿ. ಟಿಪ್ಪಣಿಯಲ್ಲಿ ನೀರಿನ ಮಟ್ಟ ಬರೆಯಿರಿ. ಸ್ವಂತ ಖಾತೆಯ ಜೊತೆಗೆ ಗುಂಪಿನ ಹೆಸರಿನ ಖಾತೆಗೂ ಪಟ್ಟಿಯನ್ನು ಹಂಚಿಕೊಂಡರೆ ಒಬ್ಬರು ಹೋದರೂ ಪಟ್ಟಿಗಳು ಉಳಿಯುತ್ತವೆ. ಒಂದು ಪ್ರತಿ ನಿಮ್ಮ ಎಕ್ಸೆಲ್‌ನಲ್ಲೂ ಇರಲಿ.

ಡ್ರೋನ್

ಚೆನ್ನಾಗಿ ಕಾಣುತ್ತದೆ, ಬೆಂಗಳೂರಿಗೆ ಹೊಂದುವುದಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣಗಳ ಸುತ್ತಮುತ್ತ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಈ ನಗರದ ಕೆರೆಗಳನ್ನು ನೋಡಿ: ಜಕ್ಕೂರಿನ ಪಕ್ಕ ಜಕ್ಕೂರು ವಿಮಾನ ಕ್ಷೇತ್ರ, ಯಲಹಂಕದ ಪುಟ್ಟೇನಹಳ್ಳಿ ಕೆರೆಗೆ ಹತ್ತಿರ ವಾಯುನೆಲೆ, ಬೆಳ್ಳಂದೂರಿನ ಹತ್ತಿರ ಎಚ್‌ಎಎಲ್. ಅನುಮತಿ ಸಿಕ್ಕರೂ ಕೆಳಗೆ ಹಾರಿಸಿದರೆ ಹಿಂಡು ಏಳುತ್ತದೆ, ಮೇಲಕ್ಕೆ ಹಾರಿಸಿದರೆ ಹೆಣ್ಣು ಗಾರ್ಗೆನಿಯೂ ಹೆಣ್ಣು ಶೋವೆಲರೂ ಒಂದೇ ಥರ ಕಾಣುತ್ತವೆ. ಬಿಟ್ಟುಬಿಡಿ.

ಉಂಗುರ, ಟ್ಯಾಗ್

ಎಷ್ಟು ಹಕ್ಕಿ ಎಂಬ ಪ್ರಶ್ನೆಗೆ ಇದು ಉತ್ತರವಲ್ಲ, ಎಲ್ಲಿಂದ ಬಂತು ಎಂಬ ಪ್ರಶ್ನೆಗೆ. ನಮ್ಮ ರಾಜ್ಯಕ್ಕೂ ಇದಕ್ಕೂ ಒಂದು ಹಳೆಯ ನಂಟಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. ಅದರ ವೈರಸ್ಸು ರಷ್ಯಾದಲ್ಲಿ ಉಣುಗು ಕಚ್ಚಿ ಹರಡುವ ಒಂದು ಜ್ವರದ ವೈರಸ್ಸಿಗೆ ಹತ್ತಿರದ್ದು. ಹಾಗಾದರೆ ವಲಸೆ ಹಕ್ಕಿಗಳು ತಂದವೇ ಎಂಬ ಅನುಮಾನ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ (ಬಿಎನ್‌ಎಚ್‌ಎಸ್), ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳತ್ವದಲ್ಲಿ, 1959ರಲ್ಲಿ ದೊಡ್ಡ ಮಟ್ಟದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸಲು ಶುರು ಮಾಡಿದ್ದರ ಹಿಂದೆ ಈ ಅನುಮಾನವೂ ಇತ್ತು.

ಹಕ್ಕಿ ಹಿಡಿಯಲು ಅನುಮತಿ ಬೇಕು, ತರಬೇತಿ ಬೇಕು. ಟ್ಯಾಗ್‌ನ ತೂಕ ಹಕ್ಕಿಯ ತೂಕದ ಶೇ 3ರ ಆಸುಪಾಸಿನಲ್ಲಿರಬೇಕು ಎನ್ನುವುದು ರೂಢಿ. ಮುನ್ನೂರು ನಾನ್ನೂರು ಗ್ರಾಂ ತೂಗುವ ಗಾರ್ಗೆನಿಗೆ ಅದು ಹತ್ತು ಗ್ರಾಂ ಲೆಕ್ಕ. ಬಡಾವಣೆ ಗುಂಪಿನ ಕೆಲಸ ಅಲ್ಲವೇ ಅಲ್ಲ. ಆದರೆ ನೋಡಿ ಓದುವ ಕೆಲಸ ನಿಮ್ಮದೂ ಹೌದು. ಮಂಗೋಲಿಯಾದಲ್ಲಿ ಕುತ್ತಿಗೆ ಪಟ್ಟಿ ತೊಡಿಸಿದ ಪಟ್ಟೆತಲೆ ಹೆಬ್ಬಾತುಗಳು ಮೈಸೂರು ಸುತ್ತಿನ ಕೆರೆಗಳಲ್ಲಿ ಕಂಡಿವೆ. ಪಟ್ಟಿಯ ಬಣ್ಣ, ಅಕ್ಷರ, ಅಂಕಿ ಓದಲು ಬರುವಂಥ ಒಂದು ಫೋಟೊ ತೆಗೆದು ಬಿಎನ್‌ಎಚ್‌ಎಸ್‌ಗೆ ಕಳಿಸಿದರೆ ಆ ಹಕ್ಕಿಗೆ ಪಟ್ಟಿ ತೊಡಿಸಿದ್ದು ಎಲ್ಲಿ ಎಂದು ತಿಳಿಯಬಹುದು.

ಹಾಗಾದರೆ ನೀವು ಯಾರು?

ಒಬ್ಬರೇ ಇದ್ದು ವಾರಾಂತ್ಯಕ್ಕೆ ಮಾತ್ರ ಬಿಡುವಿದ್ದರೆ, ಮನೆಗೆ ನಡೆದು ಹೋಗುವಷ್ಟು ಹತ್ತಿರದ ಒಂದೇ ಕೆರೆ, ಒಂದೇ ಜಾಗ, ತಿಂಗಳಿಗೊಮ್ಮೆ. ಹೊಸಕೋಟೆ ಕೆರೆಯಲ್ಲಿ ಹಕ್ಕಿ ಜಾಸ್ತಿ ಎಂದು ಅದನ್ನು ಆರಿಸಿಕೊಂಡರೆ ಹಳೆ ಮದ್ರಾಸು ರಸ್ತೆಯ ಟ್ರಾಫಿಕ್ಕೇ ನಿಮ್ಮ ಯೋಜನೆಯನ್ನು ಮುಗಿಸುತ್ತದೆ. ನಾಲ್ಕೈದು ಜನರ ಗುಂಪಿದ್ದರೆ ಮೇಲೆ ಹೇಳಿದ ಪೂರ್ತಿ ವಿಧಾನ, ಜನವರಿಯದನ್ನು ಏಷ್ಯನ್ ಗಣತಿಗೂ ಕೊಡಿ. ಕಾಲೇಜಾದರೆ ಪಕ್ಕಪಕ್ಕದ ಎರಡು ಮೂರು ಕೆರೆಗಳನ್ನು ಏಕಕಾಲಕ್ಕೆ ಎಣಿಸುವುದು ಒಳ್ಳೆಯದು, ಆದರೆ ಜವಾಬ್ದಾರಿ ವಿದ್ಯಾರ್ಥಿಯದ್ದಾಗಿರದೆ ವಿಭಾಗದ್ದಾಗಿರಲಿ. ಮೂರು ವರ್ಷಕ್ಕೆ ಎಲ್ಲರೂ ಪಾಸಾಗಿ ಹೋಗುತ್ತಾರೆ. ಕೆರೆ ಅಭಿವೃದ್ಧಿಯ ಕಾಮಗಾರಿ ಬರಲಿದೆ ಎಂದು ಗೊತ್ತಾದರೆ ಬೇರೆಲ್ಲ ಬಿಟ್ಟು ಇವತ್ತೇ ಶುರು ಮಾಡಿ. ಕಾಮಗಾರಿಗೆ ಮುಂಚಿನ ಒಂದು ಚಳಿಗಾಲದ ಲೆಕ್ಕವಾದರೂ ಕೈಯಲ್ಲಿ ಇಲ್ಲದಿದ್ದರೆ ಪಾಲಿಕೆಯ ಎದುರು ‘ಅಂಚಿನ ಜೌಗು ಉಳಿಸಿ’ ಎಂದು ಕೇಳಲು ನಿಮ್ಮ ಬಳಿ ಏನೂ ಇರುವುದಿಲ್ಲ.

ಸಲಕರಣೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಣ್ಣ ಕೆರೆಗೆ 8x42 ಬೈನಾಕ್ಯುಲರ್ ಸಾಕು. ಹೆಬ್ಬಾಳ, ಮಡಿವಾಳದಂಥ ದೊಡ್ಡ ನೀರಿಗೆ ಟ್ರೈಪಾಡ್ ಮೇಲಿನ ಸ್ಕೋಪ್ ಇದ್ದರೆ ಅನುಕೂಲ, ಗುಂಪಿಗೆಲ್ಲ ಸೇರಿ ಒಂದು ಕೊಂಡರೂ ಆಯಿತು. ಕೊಂಡ ತಿಂಗಳನ್ನು ಮಾತ್ರ ಪುಸ್ತಕದಲ್ಲಿ ಬರೆದಿಡಿ. ಅಂದಿನಿಂದ ಆಚೆ ದಡದ ಬಾತುಗಳೂ ಕಾಣತೊಡಗಿ ನಿಮ್ಮ ಅಂಕಿ ಏರುತ್ತದೆ.